ಗಂಡನ ಜೀಪಿನ ಹಿಂದಿನ ಸೀಟು

ನಾನು ಪ್ರವಾಸಿಯಾಗಿದ್ದು ಬದುಕಿನಲ್ಲಿ ಒಂದೇ ಸಲ. ಅದೂ ನನ್ನ ಗಂಡನ ಜೀಪಿನಲ್ಲಿ, ಹಿಂದಿನ ಸೀಟಿನಲ್ಲಿ, ಗಿರಾಕಿಯಾಗಿ.

ಶಾಲೆಯ ಮಕ್ಕಳನ್ನು ಕರೆದುಕೊಂಡು ಹನುಮನಹಳ್ಳಿಗೆ ಹೋದಾಗಲೆಲ್ಲ ಅದು ನೆನಪಾಗುತ್ತದೆ. ಅಂಜನಾದ್ರಿ ಹತ್ತಿ ಇಳಿದ ಪರದೇಶದವರು ಖಾನಾವಳಿಯಲ್ಲಿ ಕುಳಿತು ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿರುತ್ತಾರೆ. ಎಲ್ಲಿಂದ ಮುರಿಯಬೇಕೆಂದು ಅವರಿಗೆ ತಿಳಿಯುವುದಿಲ್ಲ. ನನ್ನ ಮಕ್ಕಳು ಕಿಸಕ್ಕನೆ ನಗುತ್ತಾರೆ. ನಾನು ಕಣ್ಣು ಬಿಟ್ಟು ಗದರಿಸುತ್ತೇನೆ. ಹಾಗೆ ತಿರುಗಿಸಿ ನೋಡುತ್ತ ಕುಳಿತವಳು ನಾನೂ ಒಬ್ಬಳು, ಒಮಾನ್ ಎಂಬ ಮರಳುಗಾಡಿನ ದೇಶದಲ್ಲಿ.

ನನ್ನ ಮದುವೆಯಾದದ್ದು ತೊಂಬತ್ತೇಳರಲ್ಲಿ. ನನ್ನ ತವರು ಅಳವಂಡಿ, ಎರೆಹೊಲ, ಜೋಳ, ಕಡಲೆ. ಅವರದು ಗಂಗಾವತಿ ಕಡೆ, ಕಾಲುವೆ ನೀರು, ಭತ್ತ. ಮದುವೆಯಾಗಿ ನಾಲ್ಕು ತಿಂಗಳಿಗೆ ಅವರು ಡ್ರೈವರ್ ಕೆಲಸಕ್ಕೆ ಒಮಾನಿಗೆ ಹೋದರು. ಅದೇ ವರ್ಷ ನನಗೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ನೌಕರಿ ಸಿಕ್ಕಿತು. ಆರು ವರ್ಷದಲ್ಲಿ ಅವರು ಊರಿಗೆ ಬಂದದ್ದು ಎರಡು ಸಲ, ನಲವತ್ತು ನಲವತ್ತು ದಿನ. ಎಲ್ಲ ಕೂಡಿಸಿದರೂ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇದ್ದದ್ದು ಏಳು ತಿಂಗಳಾಗುವುದಿಲ್ಲ. ನಮ್ಮ ಶಾಲೆಗೆ ಬದಲಿಗೆ ಬಂದ ಮಾಸ್ತರರೂ ಅದಕ್ಕಿಂತ ಹೆಚ್ಚು ಪರಿಚಯವಾಗಿರುತ್ತಿದ್ದರು.

ಎರಡು ಸಾವಿರದ ಮೂರರ ದಸರೆ ರಜೆಯ ಮುಂಚೆ ಒಂದು ದಿನ ಅವರು ಫೋನಿನಲ್ಲಿ ವಿಷಯ ತೆಗೆದರು. ಅವರ ಮಾಲೀಕ ಮರಳುಗಾಡಿನಲ್ಲಿ ಪ್ರವಾಸಿಗರಿಗೆ ಬಿಡಾರ ನಡೆಸುವವನು. ಅವನು ಹೊಸ ಕರಾರು ಮುಂದಿಟ್ಟಿದ್ದ. ಇನ್ನೂ ಐದು ವರ್ಷಕ್ಕೆ ಸಹಿ ಹಾಕಿದರೆ ಎರಡು ಕೋಣೆಯ ಮನೆ ಕೊಡುತ್ತಾನೆ, ಹೆಂಡತಿಯನ್ನೂ ಕರೆಸಿಕೊಳ್ಳಬಹುದು. ಇಲ್ಲವಾದರೆ ಈ ಹಂಗಾಮು ಮುಗಿದ ಮೇಲೆ ಊರಿಗೆ ಹೋಗಬಹುದು.

"ರಜಾದಾಗ ಬಂದು ಒಮ್ಮಿ ನೋಡು. ಆಮ್ಯಾಲ ನೀ ಹೇಳಿದಂಗ," ಅಂದರು.

"ನಿಮಗ ಹ್ಯಾಂಗ ಛಲೋ ಅನಸ್ತೈತೋ ಹಂಗ ಮಾಡ್ರಿ," ಅಂದೆ ನಾನು.

ನೀ ಹೇಳಿದಂಗ, ನೀವು ಹೇಳಿದಂಗ ಎಂದು ಇಬ್ಬರೂ ಮರ್ಯಾದೆ ಮಾಡುತ್ತ ಕುಳಿತರೆ ಯಾರು ಹೇಳಬೇಕು? ನನಗೆ ಬೇಕಾಗಿದ್ದದ್ದು ಒಂದೇ. ಅವರಿಗೆ ಊರಿಗೆ ಬರುವ ಮನಸ್ಸಿದೆಯೋ ಇಲ್ಲವೋ ಗೊತ್ತಾಗಬೇಕಿತ್ತು. ಇದ್ದರೆ ಬರಲಿ. ಇಲ್ಲದಿದ್ದರೆ ನಾನು ನೌಕರಿ ಬಿಟ್ಟು ಅಲ್ಲಿಗೆ ಹೋಗಿ ಎರಡು ಕೋಣೆಯಲ್ಲಿ ಕೂರಬೇಕು, ಅಥವಾ ಇನ್ನೂ ಐದು ವರ್ಷ ಹೀಗೇ ಇರಬೇಕು. ನೇರ ಕೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಅನ್ನಬಹುದು. ಏಳು ತಿಂಗಳ ಪರಿಚಯದಲ್ಲಿ ಕೇಳುವ ಮಾತೇ ಅದು?

ಹದಿನೆಂಟು ದಿನದ ಪ್ರಯಾಣಕ್ಕೆ ನಾನು ಅರವತ್ತು ಕಡಕ್ ರೊಟ್ಟಿ ಬಡಿದು ಒಣಗಿಸಿ ಹಳೆ ಧೋತರದಲ್ಲಿ ಕಟ್ಟಿಕೊಂಡೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಂದು ಡಬ್ಬಿ ಸಿಹಿ ಮಾದಲಿ. ಅಣ್ಣ ಮುಂಬೈವರೆಗೆ ಬಸ್ಸಿನಲ್ಲಿ ಬಂದು ವಿಮಾನ ಹತ್ತಿಸಿದ. ಮಸ್ಕತ್ತಿನಲ್ಲಿ ಇಳಿದಾಗ ಕಪ್ಪು ಕನ್ನಡಕ ಹಾಕಿದ ಒಬ್ಬ ತೆಳ್ಳನೆಯ ಮನುಷ್ಯ ನನ್ನ ಚೀಲಕ್ಕೆ ಕೈ ಹಾಕಿದ. ಯಾರೋ ಕಳ್ಳನೆಂದು ಚೀಲ ಎಳೆದುಕೊಂಡೆ. ಅವರು ಕನ್ನಡಕ ತೆಗೆದು ನಕ್ಕರು. ನಮ್ಮ ಭೇಟಿ ಆದದ್ದು ಹೀಗೆ.

ರೊಟ್ಟಿಯ ಗಂಟು ಬಿಚ್ಚಿ ತೋರಿಸಿದಾಗ ಅವರು ಅರ್ಧ ರೊಟ್ಟಿ ಮುರಿದು, ಒಂದು ತುಂಡು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದರು. ಉಳಿದದ್ದನ್ನು ಮೆಲ್ಲಗೆ ತಾಟಿನಲ್ಲಿಟ್ಟರು.

"ಯಾಕ್ರಿ?"

"ಛಲೋ ಐತಿ. ನಂಗ ಮೊದಲಿಂದಾನೂ ಕಡಕ್ ರೊಟ್ಟಿ ಅಷ್ಟಕ್ಕಷ್ಟ. ನಾವು ಅನ್ನ ಉಣ್ಣೋ ಮಂದಿ ಅಲ್ಲೇನು."

ಮದುವೆಯಾಗಿ ಆರು ವರ್ಷಕ್ಕೆ ತಿಳಿದ ಸುದ್ದಿ ಇದು. ಅವರು ರಜೆಗೆ ಬಂದ ಎರಡು ಸಲವೂ ನಾನು ದಿನಕ್ಕೆ ಎರಡು ಹೊತ್ತು ಅದನ್ನೇ ಬಡಿದು ಹಾಕಿದ್ದೆ. ಪಾಪ, ಉಂಡಿದ್ದರು.

ಅವರಿಗೆ ರಜೆ ಇರಲಿಲ್ಲ. ಜರ್ಮನಿಯ ವಯಸ್ಸಾದ ದಂಪತಿ ನಾಲ್ಕು ದಿನದ ತಿರುಗಾಟಕ್ಕೆ ಬಂದಿದ್ದರು. ಜೀಪಿನಲ್ಲಿ ಒಂದು ಸೀಟು ಖಾಲಿ ಇತ್ತು. ಮಾಲೀಕ ಅದರಲ್ಲಿ ನನ್ನನ್ನು ಕೂರಿಸಿಕೊಳ್ಳಲು ಒಪ್ಪಿದ್ದ. ಗಂಡ ಮಾತ್ರ ಹೊರಡುವ ಮುಂಚೆ ಕಿವಿಯ ಹತ್ತಿರ ಬಂದು, "ಡ್ರೈವರನ ಹೆಂಡ್ತಿ ಅಂದ್ರ ಅವರಿಗೆ ಸರಿ ಅನಸಲಿಕ್ಕಿಲ್ಲ. ನಮ್ಮ ಊರ ಕಡೆ ಟೀಚರು ಅಂತ ಹೇಳೀನಿ," ಅಂದರು. ಹೀಗೆ ನಾನು ಗಿರಾಕಿಯಾದೆ. ಮುಂದಿನ ಸೀಟಿನಲ್ಲಿ ಮುದುಕ, ಹಿಂದೆ ಮುದುಕಿ ಮತ್ತು ನಾನು. ನನಗೆ ಕಾಣುತ್ತಿದ್ದದ್ದು ಗಂಡನ ಕುತ್ತಿಗೆಯ ಹಿಂಭಾಗ ಮತ್ತು ಕನ್ನಡಿಯಲ್ಲಿ ಎರಡು ಕಣ್ಣು.

ಆ ನಾಲ್ಕು ದಿನಗಳು ಈಗ ನೆನಪಿನಲ್ಲಿ ಒಂದರೊಳಗೊಂದು ಕರಗಿಹೋಗಿವೆ. ಯಾವುದು ಮೊದಲು, ಯಾವುದು ಆಮೇಲೆ ಹೇಳಲಾರೆ. ಹಸಿರೇ ಇಲ್ಲದ ಗುಡ್ಡಗಳು ಜೀಪಿನ ಎರಡೂ ಬದಿಗೆ ಬಂದು ಬಂದು ಹಿಂದೆ ಸರಿಯುತ್ತಿದ್ದವು. ನಿಜ್ವಾ ಎಂಬ ಊರಿನಲ್ಲಿ ಒಣ ಖರ್ಜೂರದ ಬಣ್ಣದ ಕೋಟೆ. ಅದರ ಬುರುಜಿನ ಮೇಲೆ ನಿಂತರೆ ಕೆಳಗೆ ಖರ್ಜೂರದ ಮರಗಳ ತಲೆಗಳು ಮಾತ್ರ ಕಾಣುತ್ತವೆ, ಅದರಾಚೆ ಬಿಸಿಲು. ಪೇಟೆಯಲ್ಲಿ ಧೂಪದ ಹೊಗೆ. ಅಂಗಡಿಯವರು ಬೆಲೆ ಹೇಳುವ ಮುಂಚೆಯೇ ಒಂದು ಖರ್ಜೂರ ಕೈಗಿಡುತ್ತಿದ್ದರು. ಒಂದೊಂದು ಬುಟ್ಟಿಯದು ಒಂದೊಂದು ರುಚಿ, ಒಂದು ಬೆಲ್ಲದ ಪಾಕದಂತೆ, ಒಂದು ಹುರಿದ ಎಳ್ಳಿನಂತೆ. ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಒಬ್ಬ ಹಲ್ವಾ ತಿರುವುತ್ತ ನಿಂತಿದ್ದ. ಕೇಸರಿ, ಏಲಕ್ಕಿ, ಗುಲಾಬಿ ನೀರು. ಅದನ್ನು ಮೂರು ಬೆರಳಲ್ಲಿ ಎತ್ತಿ ತಿನ್ನಬೇಕು. ಜರ್ಮನಿಯ ಮುದುಕಿ ಚಮಚ ಹುಡುಕುತ್ತಿದ್ದಳು, ನಾನು ಆಗಲೇ ಎರಡನೆಯ ಸಲ ಬೆರಳು ಹಾಕಿದ್ದೆ. ಗಿರಾಕಿಯಾದ ಮೇಲೆ ನಾಚಿಕೆ ಯಾಕೆ?

ಒಂದು ಹಳ್ಳಿಯಲ್ಲಿ ಗುಡ್ಡದ ಬುಡದಿಂದ ನೀರು ತರುವ ಸಣ್ಣ ಕಾಲುವೆ ತೋರಿಸಿದರು. ಮೊಳದಗಲ ಇರಬಹುದು. ಅದೇ ಇಡೀ ಊರಿನ ಜೀವ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನೆಟ್ಟ ಕೋಲಿನ ನೆರಳು ನೋಡಿ ಹೇಳುತ್ತಾರಂತೆ. ಗಂಡ ಅದನ್ನೆಲ್ಲ ಪಾಠ ಒಪ್ಪಿಸಿದ ಹಾಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಅಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಅದೇ ಮಾತು, ಅದೇ ಜಾಗದಲ್ಲಿ ಅದೇ ನಗು. ಆಮೇಲೆ ನನ್ನ ಕಡೆ ತಿರುಗದೆ, ತಮ್ಮಷ್ಟಕ್ಕೆ ಅನ್ನುವಂತೆ ಅಂದರು, "ನಮ್ಮ ಕಾಲುವಿ ಪಾಳಿ ಇದ್ದಂಗ ಐತಿ. ಇಲ್ಲಿ ಸಲಿಕಿ ಹಿಡಕೊಂಡು ಬಡದಾಡಂಗಿಲ್ಲ, ಅಷ್ಟ."

ಅದು ಇಡೀ ದಿನದಲ್ಲಿ ನನಗೆಂದು ಬಿದ್ದ ಒಂದೇ ಮಾತು. ದಂಪತಿ ಫೋಟೊ ತೆಗೆಯುತ್ತ ಮುಂದೆ ಹೋದರು. ಗಂಡ ಕುಕ್ಕರುಗಾಲಲ್ಲಿ ಕುಳಿತು ಕಾಲುವೆಯ ನೀರಿನಲ್ಲಿ ಕೈ ಬಿಟ್ಟರು. ಕೈ ತೊಳೆಯಲಿಲ್ಲ, ಮುಖಕ್ಕೆ ಹಾಕಿಕೊಳ್ಳಲಿಲ್ಲ, ಸುಮ್ಮನೆ ಬಿಟ್ಟುಕೊಂಡು ಕುಳಿತಿದ್ದರು. ಏನು ಯೋಚಿಸುತ್ತಿದ್ದಾರೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮರಳು ಶುರುವಾಗುವಲ್ಲಿ ಇಳಿದು ನಾಲ್ಕೂ ಗಾಲಿಯ ಗಾಳಿ ಅರ್ಧ ಬಿಟ್ಟರು. ಗಾಳಿ ಕಡಿಮೆಯಿದ್ದರೆ ಗಾಲಿ ಮರಳಲ್ಲಿ ಹೂತುಹೋಗುವುದಿಲ್ಲವಂತೆ. ಆಮೇಲೆ ರಸ್ತೆಯೇ ಇಲ್ಲ. ಮರಳಿನ ದಿಬ್ಬ ಏರಿದರೆ ಮುಂದೆ ಇನ್ನೊಂದು, ಅದರಾಚೆ ಮತ್ತೊಂದು. ಬೆಳಿಗ್ಗೆ ತಿಳಿ ಹಳದಿ ಇದ್ದದ್ದು ಸಂಜೆ ಹೊತ್ತಿಗೆ ಹಣ್ಣಾದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ದಿಬ್ಬದ ನೆತ್ತಿಯಲ್ಲಿ ನಾನೊಬ್ಬಳೇ ಕುಳಿತೆ. ಬೇಸಿಗೆಯಲ್ಲಿ ನಮ್ಮ ಎರೆಹೊಲಕ್ಕೂ ಇಂಥದೇ ಮೌನವಿರುತ್ತದೆ, ಆದರೆ ಅಲ್ಲಿ ದೂರದಲ್ಲಾದರೂ ಒಂದು ಬೇವಿನಮರ, ಒಂದು ಎತ್ತಿನ ಕೊರಳಗೆಜ್ಜೆ ಇರುತ್ತದೆ. ಇಲ್ಲಿ ಗಾಳಿ ಮರಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಸದ್ದು ಮಾತ್ರ. ನನ್ನ ಹೆಜ್ಜೆಯ ಗುರುತು ನಾನು ನೋಡುತ್ತಿರುವಾಗಲೇ ಮುಚ್ಚಿಹೋಯಿತು. ಹೆದರಿಕೆಯಾಗಲಿಲ್ಲ. ನಾನು ಯಾರ ಹೆಂಡತಿಯೂ ಅಲ್ಲ, ಯಾವ ಶಾಲೆಯ ಟೀಚರೂ ಅಲ್ಲ, ಹುಟ್ಟಿಯೇ ಇಲ್ಲವೇನೋ ಎನಿಸಿತು. ನಿದ್ದೆ ಬರುವ ಮುಂಚೆ ಒಂದು ಕ್ಷಣ ಹಾಗಾಗುತ್ತದಲ್ಲ, ಅದು ಇಡೀ ಸಂಜೆ ಇತ್ತು.

ಬಿಡಾರದಲ್ಲಿ ಮಾಲೀಕನ ಹೆಂಡತಿಯೇ ನಿಂತು ಪ್ರವಾಸಿಗರಿಗೆ ಅಡುಗೆ ಮಾಡಿಸುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಮುಖದ ತುಂಬ ಗೆರೆ. ಕಾದ ಕಬ್ಬಿಣದ ಹಂಚಿನ ಮೇಲೆ ಮೆತ್ತನೆಯ ಹಿಟ್ಟನ್ನು ಅಂಗೈಯಿಂದ ಸುತ್ತ ಸವರಿ, ಕ್ಷಣದಲ್ಲಿ ಕಾಗದದಷ್ಟು ತೆಳುವಾದ ರೊಟ್ಟಿ ಎಬ್ಬಿಸುತ್ತಿದ್ದಳು. ಅದನ್ನೇ ನಾನು ತಿರುಗಿಸಿ ತಿರುಗಿಸಿ ನೋಡಿದ್ದು. ನಾನು ಗಾಳಿಯಲ್ಲಿ ಎರಡೂ ಕೈಯಿಂದ ರೊಟ್ಟಿ ಬಡಿದು ತೋರಿಸಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಜೇನು ಹಚ್ಚಿ ಇನ್ನೆರಡು ಕೊಟ್ಟಳು. ಮಾಂಸವನ್ನು ಮಸಾಲೆ ಹಚ್ಚಿ, ಖರ್ಜೂರದ ಗರಿಯ ಚೀಲದಲ್ಲಿ ಕಟ್ಟಿ, ನೆಲದ ಕುಣಿಯಲ್ಲಿ ಕೆಂಡದ ಮೇಲೆ ಮುಚ್ಚಿಟ್ಟಿದ್ದರು. ಒಂದು ದಿನ ಪೂರ್ತಿ ಬೆಂದದ್ದನ್ನು ಅಗೆದು ಮೇಲೆತ್ತುವಾಗ ಎಲ್ಲರೂ ಸುತ್ತ ನಿಂತು ನೋಡಿದರು. ನಮ್ಮದು ಮಾಂಸ ಮಾಡದ ಮನೆ, ನಾನು ಗಾಳಿ ಬರುವ ಕಡೆಗೆ ಸರಿದು ನಿಂತೆ. ಆಮೇಲೆ ಒಂದು ಬೋಗುಣಿಯಲ್ಲಿ ಬೆಚ್ಚಗೆ, ಮೆತ್ತಗೆ, ತುಪ್ಪ ಸುರಿದ ಗೋದಿ ಬಂತು. ಥೇಟ್ ನಮ್ಮ ಗೋದಿ ಹುಗ್ಗಿ! ಸಂತೋಷದಿಂದ ಕೈ ಹಾಕುವಷ್ಟರಲ್ಲಿ ಗಂಡ ದೂರದಿಂದಲೇ ಕೂಗಿದರು, "ಏ, ಬ್ಯಾಡ ಬ್ಯಾಡ! ಅದರಾಗ ಕುರಿ ಐತಿ!"

ನಾನು ಒಣ ನಿಂಬೆಕಾಯಿ ಹಾಕಿದ ಅನ್ನವನ್ನೂ ಮಜ್ಜಿಗೆಯನ್ನೂ ಉಂಡೆ. ಎರಡೂ ರುಚಿಯಾಗಿದ್ದವು.

ಊಟವಾದ ಮೇಲೆ ಅವರು ಚಹಾ ತಂದರು. ಮುದುಕನಿಗೆ ಸಕ್ಕರೆಯಿಲ್ಲದ್ದು, ಮುದುಕಿಗೆ ಪುದೀನ ಹಾಕಿದ್ದು. ಇಬ್ಬರನ್ನೂ ಕೇಳದೆಯೇ ತಂದಿದ್ದರು. ಮೊದಲ ದಿನವೇ ನೆನಪಿಟ್ಟುಕೊಂಡಿದ್ದರಂತೆ. ನನ್ನ ಮುಂದೆಯೂ ಒಂದು ಲೋಟ ಇಟ್ಟರು. ನಾನು ಹುಟ್ಟಿದಾಗಿನಿಂದ ಚಹಾ ಕುಡಿದವಳಲ್ಲ. ನಮ್ಮ ಓಣಿಯ ನಾಯಿಗೂ ಅದು ಗೊತ್ತು. ಗಿರಾಕಿಗಳ ನಾಲಿಗೆಯೆಲ್ಲ ಗೊತ್ತಿದ್ದ ಮನುಷ್ಯನಿಗೆ ನನ್ನದು ಗೊತ್ತಿರಲಿಲ್ಲ. ಲೋಟ ಎತ್ತಿ ಗಟಗಟ ಕುಡಿದೆ. ಗಂಟಲು ಉರಿಯಿತು. ಕಣ್ಣಲ್ಲಿ ನೀರು ಬಂದದ್ದು ಚಹಾದ ಬಿಸಿಗೆ ಎಂದು ಮುದುಕಿ ತಿಳಿದುಕೊಂಡಳು. ಆಕೆ ನನ್ನ ಕಡೆ ಬಾಗಿ, ಈ ಡ್ರೈವರ್ ಬಹಳ ಒಳ್ಳೆಯವನು ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಅಂದೆ. ಅದು ಸುಳ್ಳೂ ಆಗಿರಲಿಲ್ಲ.

ದಂಪತಿ ಹೋದ ಮೇಲೆ ಮಸ್ಕತ್ತಿನ ಕಡಲ ದಂಡೆ, ಮೀನಿನ ಪೇಟೆ, ಇನ್ನೂ ಕೆಲವು ಜಾಗ ಅವರ ಬಿಡುವು ನೋಡಿಕೊಂಡು ತಿರುಗಿದೆವು. ಕರಾರಿನ ಮಾತು ಇಬ್ಬರೂ ಎತ್ತಲಿಲ್ಲ. ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾಲೀಕ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದ. ಅವತ್ತು ಅವರು ಉತ್ತರ ಹೇಳಬೇಕಿತ್ತು. ದಾರಿಯಲ್ಲಿ ಕೇಳಿದರು, "ಮತ್ತ ಏನಂತ ಹೇಳ್ಲಿ?"

"ನೀವು ಹೇಳ್ರಿ," ಅಂದೆ.

ಮಾಲೀಕನ ಮನೆಯ ಪಡಸಾಲೆಯಲ್ಲಿ ಕೆಂಪು ಜಮಖಾನೆ. ಮಾಲೀಕ ಬಿಳಿ ಗಡ್ಡದ ಹಿರಿಯ, ನಮ್ಮ ಮಾವನವರ ವಯಸ್ಸು. ಪಕ್ಕದಲ್ಲಿ ಆ ರೊಟ್ಟಿಯ ಹೆಂಗಸು. ಖರ್ಜೂರದ ತಟ್ಟೆ ಬಂತು. ಹಿರಿಯ ತಾನೇ ಎದ್ದು, ಉದ್ದ ಕೊಕ್ಕಿನ ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಹಾಲಿಲ್ಲದ ಕಾಫಿ ಬಗ್ಗಿಸಿ ಮೊದಲು ನನ್ನ ಕೈಗೆ ಕೊಟ್ಟ. ಬಿಡಾರದಲ್ಲಾಗಿದ್ದರೆ ಗಿರಾಕಿಗಳ ಜೊತೆ ಕುಡಿದುಬಿಡುತ್ತಿದ್ದೆ. ಇದು ಮನೆ. ಎದುರಿಗೆ ಕುಳಿತವನು ಹಿರಿಯ. ಅವನ ಮುಂದೆ ನಾನು ಸೊಸೆ. ಹಿರಿಯರು ಕುಡಿದು ಮುಗಿಸುವ ಮುಂಚೆ ಸೊಸೆ ಬಟ್ಟಲಿಗೆ ಬಾಯಿ ಹಚ್ಚುವುದು ನಮ್ಮಲ್ಲಿ ಉದ್ಧಟತನ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬಟ್ಟಲನ್ನು ಮುಂದಿನ ಜಮಖಾನೆಯ ಮೇಲಿಟ್ಟು, ಕೈಕಟ್ಟಿ ಕುಳಿತೆ.

ಹಿರಿಯ ಕುಡಿಯಲಿಲ್ಲ. ನನ್ನ ಬಟ್ಟಲು ನೋಡಿದ. ಹೂಜಿಯನ್ನು ಕೆಳಗಿಟ್ಟ. ಕುಳಿತ. ಮುಖ ಗಂಭೀರವಾಯಿತು. ಅವನು ಕುಡಿಯಲೆಂದು ನಾನು, ನಾನು ಕುಡಿಯಲೆಂದು ಅವನು. ಇಡೀ ಪಡಸಾಲೆಯಲ್ಲಿ ಏಲಕ್ಕಿಯ ವಾಸನೆ ಬಿಟ್ಟರೆ ಏನೂ ಅಲುಗುತ್ತಿರಲಿಲ್ಲ. ಕೊನೆಗೆ ಅವನು ಏನೋ ಕೇಳಿದ. ನನ್ನ ಗಂಡ ಗಾಬರಿಯಿಂದ ನನ್ನ ಕಡೆ ತಿರುಗಿದರು.

"ಬಟ್ಟಲ ಯಾಕ ಕೆಳಗ ಇಟ್ಟಿ?"

"ಹಿರಿಯಾರು ಮೊದಲ ಕುಡೀಲಿ ಅಂತ."

"ಅಯ್ಯೋ ಮಾರಾಯ್ತಿ, ಇಲ್ಲಿ ಹಂಗಲ್ಲ. ಬಂದವರು ಕುಡೀದ ಕೆಳಗ ಇಟ್ರು ಅಂದ್ರ ಏನೋ ಬೇಡಾಕ ಬಂದಾರ ಅಂತ ಅರ್ಥ. ಮನಿಯವರು ಹೂಂ ಅನ್ನೂತನಕ ಕುಡ್ಯಂಗಿಲ್ಲ. ಏನ್ ಬೇಕು ಕೇಳು, ಕೊಡ್ತೀನಿ ಅನ್ನಾಕಹತ್ಯಾರ. ಇಲ್ಲಾ ಅಂದ್ರ ಅವರ ಮಾನ ಹೋಗ್ತೈತಿ. ನೀ ಲಗೂನ ಎತ್ತಿ ಕುಡಿ. ಗೊತ್ತಾಗದ ಇಟ್ಟಾಳ ಅಂತ ನಾ ಹೇಳ್ತೀನಿ."

ನನ್ನ ಕೈ ಬಟ್ಟಲಿನವರೆಗೆ ಹೋಯಿತು. ಅಲ್ಲೇ ನಿಂತಿತು. ಯಾಕೆ ನಿಂತಿತೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಬಹುಶಃ ಸಿಟ್ಟು. ಹದಿನೆಂಟು ದಿನದ ಸಿಟ್ಟಲ್ಲ, ಆರು ವರ್ಷದ್ದು. ಏನು ಬೇಕು ಎಂದು ಅಷ್ಟೂ ವರ್ಷದಲ್ಲಿ ನನ್ನನ್ನು ನೇರ ಕೇಳಿದವನು ಗುರುತಿಲ್ಲದ ಈ ಮುದುಕ ಒಬ್ಬನೇ. ಕೈ ಹಿಂದಕ್ಕೆ ತೆಗೆದುಕೊಂಡೆ.

"ಇವರನ್ನ ಊರಿಗೆ ಕಳಿಸಿಕೊಡ್ರಿ ಅಂತ ಹೇಳ್ರಿ," ಅಂದೆ.

ಹೇಳಬೇಕಾದವರು ಅವರೇ. ನನಗೆ ಅರಬ್ಬಿ ಬಾರದು, ಹಿರಿಯನಿಗೆ ಕನ್ನಡ ಬಾರದು. ಅವರು ಬಾಯಿ ತೆರೆದರು, ಮುಚ್ಚಿದರು. ಕೋಟೆ ಬಗ್ಗೆ, ಕಾಲುವೆ ಬಗ್ಗೆ ನಿಲ್ಲದೆ ಹೇಳುತ್ತಿದ್ದ ಮನುಷ್ಯನಿಗೆ ಒಂದು ವಾಕ್ಯ ಹೊರಡಲಿಲ್ಲ. ತಲೆ ತಗ್ಗಿಸಿದರು. ಜಮಖಾನೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು.

ರೊಟ್ಟಿಯ ಹೆಂಗಸು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ತನ್ನ ಗಂಡನ ಕಡೆ ತಿರುಗಿ, ಬಾಗಿಲಾಚೆ ದೂರಕ್ಕೆ ಕೈ ತೋರಿಸಿ, ಎರಡೇ ಮಾತು ಆಡಿದಳು. ಹಿರಿಯ ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತ. ಆಮೇಲೆ ಏನೋ ಹೇಳಿ, ತೋರುಬೆರಳಿನಿಂದ ತನ್ನ ಮೂಗಿನ ತುದಿ ಮುಟ್ಟಿಕೊಂಡು ತಲೆಯಾಡಿಸಿದ.

"ಹಂಗಂದ್ರೇನ್ರಿ?"

"ಒಪ್ಪಿದೆ ಅಂತ," ಅಂದರು ನನ್ನ ಗಂಡ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ. "ಹಂಗಾಮ ಮುಗದ ಮ್ಯಾಲ ಕಳಸ್ತಾರಂತ. ಈಗರ ಕುಡಿ."

ಕಾಫಿ ಪೂರಾ ಆರಿಹೋಗಿತ್ತು. ಕಹಿ ಕಹಿ. ಹನಿ ಬಿಡದೆ ಕುಡಿದೆ.

ಹೊರಗೆ ಬಂದು ನಾನು ರೂಢಿಯಂತೆ ಜೀಪಿನ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಅವರು ಮುಂದಿನ ಬಾಗಿಲು ತೆಗೆದು ನಿಂತರು. ಬಹಳ ದೂರ ಹೋದೆವು. ಎರಡೂ ಕಡೆ ಬಿಸಿಲಿನಲ್ಲಿ ಮರಳು ತೇಲುತ್ತಿತ್ತು. ಒಂದು ಕಡೆ ಗಾಡಿ ನಿಲ್ಲಿಸಿದರು.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಅಂದರು.

"ನಿಮಗ ಬರೋ ಮನಸ್ಸು ಐತೋ ಇಲ್ಲೋ ನನಗೇನ ಗೊತ್ತು?"

"ಆರು ವರ್ಷ ವಾರ ವಾರ ಫೋನ್ ಮಾಡೀನಿ. ಹ್ಯಾಂಗದಿ ಅಂತ ಕೇಳಿದ್ರ ಆರಾಮ ಅದೀನಿ, ನಮ್ಮ ಚಿಂತಿ ಮಾಡಬ್ಯಾಡ್ರಿ ಅಂತಿದ್ದಿ. ಒಂದ ಒಂದು ವಾರನೂ ಬರ್ರಿ ಅನ್ನಲಿಲ್ಲ. ನಾ ಇಲ್ದಿದ್ರೂ ಆಕೀಗೆ ನಡೀತೈತಿ ಅಂತ ತಿಳಕೊಂಡು ಇಲ್ಲೇ ಕುಂತೆ."

ಕುಷ್ಟಗಿಯ ಬಸ್ ಸ್ಟ್ಯಾಂಡಿನ ಎದುರಿನ ಫೋನ್ ಬೂತಿನಲ್ಲಿ, ಗಾಜಿನ ಬಾಗಿಲು ಹಾಕಿಕೊಂಡು, ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ನಾನು ಆಡುತ್ತಿದ್ದ ಮಾತು ಅದು. ದೂರದಲ್ಲಿರುವವರಿಗೆ ಸಂಕಟವಾಗದಿರಲಿ ಎಂದು ಎಷ್ಟು ಜತನದಿಂದ ಆಡುತ್ತಿದ್ದೆ! ಅವರನ್ನು ಆರು ವರ್ಷ ಅಲ್ಲಿ ಹಿಡಿದಿಟ್ಟದ್ದು ಮಾಲೀಕನ ಕರಾರಲ್ಲ, ನನ್ನ ಆ ಮಾತು.

"ಬರ್ರಿ," ಅಂದೆ. ಗಾಡಿಯ ಒಳಗೆ ನಾವಿಬ್ಬರೇ ಇದ್ದರೂ ಜೋರಾಗಿ ಅಂದೆ. ಅವರು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕುಳಿತಿದ್ದರು, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಅಂದೆ.